ಚಿಂತೆ ಎಂಬ ಸ್ಮೃತಿಕುಲದ ಮಾತು

ಧಾತುಪಾಠದ ಹತ್ತನೆಯ ಗಣವಾದ ಚುರಾದಿಯನ್ನು ತೆರೆದರೆ ಮೊದಲು ಎದುರಾಗುವುದು ಕಳವಿನ ಅರ್ಥದ 'ಚುರ' ಧಾತು. ಅದರ ಬೆನ್ನಿಗೇ ಎರಡನೆಯದಾಗಿ 'ಚಿತಿ' ನಿಂತಿದೆ. ಅದಕ್ಕೆ ವೈಯಾಕರಣರು ಕೊಟ್ಟ ಅರ್ಥ ಒಂದೇ ಒಂದು: ಸ್ಮೃತಿ. ಧಾತುವಿನ ಕೊನೆಯ ಹ್ರಸ್ವ ಇಕಾರ 'ಇತ್' ಆಗಿ ಉದುರಿ, ಆ ಕಾರಣಕ್ಕಾಗಿಯೇ ನಡುವೆ ಅನುನಾಸಿಕವೊಂದು ಬಂದು ಕೂತು, 'ಚಿಂತ್' ಎಂದಾಗಿ, ಚಿಂತಯತಿ, ಚಿಂತನ, ಚಿಂತಿತ, ಚಿಂತಾ ಎಂದು ಕವಲೊಡೆದು, ನಮ್ಮಲ್ಲಿಗೆ ಬರುವಾಗ ಮಾಲಾ ಮಾಲೆಯಾದಂತೆ, ಸೀಮಾ ಸೀಮೆಯಾದಂತೆ, ಚಿಂತೆಯಾಯಿತು. ನೆನಪನ್ನು ಹೇಳಲು ಹುಟ್ಟಿದ ಮಾತು ಇದು. ಇಂದು ನಾವು 'ಯಾಕೆ ಚಿಂತೆ ಮಾಡ್ತೀಯ' ಎಂದು ಕೇಳುವಾಗ, ಕೇಳುವವರಿಗಾಗಲಿ ಕೇಳಿಸಿಕೊಳ್ಳುವವರಿಗಾಗಲಿ ನೆನಪಿನ ವಾಸನೆಯೂ ತಗಲುವುದಿಲ್ಲ. ಸ್ಮೃತಿಯ ಮನೆಯಲ್ಲಿ ಹುಟ್ಟಿದ ಈ ಪದ ಕಳವಳದ ಮನೆಯನ್ನು ಹೇಗೆ ಸೇರಿತು, ಸೇರಿದ ಮೇಲೆ ತವರಿಗೆ ಏನು ಮಾಡುತ್ತಿದೆ ಎಂಬುದನ್ನು ಪದಪ್ರಿಯರಾದ ನಾವು ಸ್ವಲ್ಪ ಸಾವಧಾನವಾಗಿ ನೋಡಬೇಕು. ಏಕೆಂದರೆ ನರವಿಜ್ಞಾನಿಗಳು ಕಳೆದ ಐದಾರು ದಶಕಗಳಲ್ಲಿ ಮಿದುಳಿನೊಳಗೆ ಕಂಡುಕೊಂಡ ಸಂಬಂಧವೊಂದು ಈ ಪದದ ಚರಿತ್ರೆಯಲ್ಲಿ ಆಗಲೇ ಇದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಮೊದಲು ನೆಂಟರನ್ನೂ ನೆರೆಯವರನ್ನೂ ಬೇರೆ ಮಾಡಿಕೊಳ್ಳೋಣ. ಚಿತ್ತ, ಚೇತನ, ಚೇತಸ್, ಚೈತನ್ಯ ಇವು 'ಚಿತೀ' ಎಂಬ ದೀರ್ಘಾಂತ ಧಾತುವಿನವು. ಅದರ ಅರ್ಥ ಸಂಜ್ಞಾನ, ಅಂದರೆ ಅರಿವು, ಎಚ್ಚರ. ಪಾಣಿನೀಯರು ಎರಡನ್ನು ಎರಡಾಗಿಯೇ ಪಟ್ಟಿ ಮಾಡಿದರೂ ಮೂಲದಲ್ಲಿ ಚಿಂತ್ ಎಂಬುದು ಚಿತ್‌ನದೇ ಅನುನಾಸಿಕ ರೂಪ ಎಂದು ಭಾಷಾಶಾಸ್ತ್ರಜ್ಞರು ತಿಳಿಯುತ್ತಾರೆ. ಆದ್ದರಿಂದ ಚಿತ್ತಕ್ಕೂ ಚಿಂತೆಗೂ ಇರುವುದು ರಕ್ತಸಂಬಂಧ. ಚಿತೆಯ ಮಾತು ಬೇರೆ. ಚಿತೆಗೂ ಚಿಂತೆಗೂ ನಡುವೆ ಒಂದು ಸೊನ್ನೆಯಷ್ಟೇ ಅಂತರ, ಒಂದು ಸತ್ತವರನ್ನು ಸುಡುತ್ತದೆ, ಇನ್ನೊಂದು ಬದುಕಿದ್ದವರನ್ನು ಎಂಬ ಸುಭಾಷಿತದ ಚಮತ್ಕಾರ ನಮ್ಮ ಹಿರಿಯರ ನಾಲಗೆಯ ಮೇಲೆ ಸದಾ ಇರುತ್ತಿತ್ತು, ಶಾಲೆಯ ಗೋಡೆಗಳ ಮೇಲೂ ಇರುತ್ತಿತ್ತು. ಆದರೆ ಚಿತೆ ಬಂದದ್ದು ಒಟ್ಟುವುದು, ಪೇರಿಸುವುದು ಎಂಬ ಅರ್ಥದ 'ಚಿ' ಧಾತುವಿನಿಂದ. ಚಯ, ಸಂಚಯ, ನಿಚಯಗಳ ಬಳಗ ಅದು. ಕಟ್ಟಿಗೆಯನ್ನು ಒಟ್ಟಿದ್ದರಿಂದ ಚಿತೆ. ಧ್ವನಿ ಹತ್ತಿರ, ಕುಲ ದೂರ. ಹಾಗಿದ್ದೂ ಆ ಸೊನ್ನೆಯ ಚಮತ್ಕಾರ ಜನಮನದಲ್ಲಿ ಎಷ್ಟು ಆಳಕ್ಕೆ ಇಳಿದಿದೆಯೆಂದರೆ, ಚಿಂತೆ ಎಂಬ ಪದಕ್ಕೆ 'ಸುಡುವ' ಎಂಬ ಛಾಯೆ ಅಂಟಿದ್ದರಲ್ಲಿ ಅದರ ಪಾಲೂ ಇರಬೇಕು.

ಹಳೆಯ ಶಾಸ್ತ್ರಗಳಲ್ಲಿ ಚಿಂತೆ ಸ್ಮೃತಿಯ ಪಕ್ಕದಲ್ಲೇ ಕಾಣುತ್ತದೆ. ನಾಟ್ಯಶಾಸ್ತ್ರ ಎಣಿಸುವ ಮೂವತ್ತಮೂರು ವ್ಯಭಿಚಾರಿಭಾವಗಳ ಸಾಲಿನಲ್ಲಿ ದೈನ್ಯ, ಚಿಂತಾ, ಮೋಹ, ಸ್ಮೃತಿ, ಧೃತಿ ಎಂದು ಒಂದರ ಹಿಂದೊಂದು ಬರುತ್ತವೆ; ಚಿಂತೆಗೂ ಸ್ಮೃತಿಗೂ ನಡುವೆ ನಿಂತಿರುವುದು ಮೋಹ, ಅಂದರೆ ಮನಸ್ಸು ಮಂಕಾಗಿ ದಿಕ್ಕು ತೋಚದಿರುವ ಸ್ಥಿತಿ. ಅನುಕ್ರಮ ಛಂದಸ್ಸಿನ ಅನುಕೂಲಕ್ಕೆ ಬಂದದ್ದಿರಬಹುದು, ಅದರಿಂದ ಹೆಚ್ಚು ಹಿಂಡುವುದು ಬೇಡ. ಜೈನರ ತತ್ತ್ವಾರ್ಥಸೂತ್ರ ಇನ್ನೂ ಮುಂದೆ ಹೋಗುತ್ತದೆ: ಮತಿ, ಸ್ಮೃತಿ, ಸಂಜ್ಞೆ, ಚಿಂತೆ, ಅಭಿನಿಬೋಧ ಇವೆಲ್ಲ ಅರ್ಥಾಂತರವಿಲ್ಲದವು, ಒಂದೇ ಮತಿಜ್ಞಾನದ ಮುಖಗಳು ಎಂದು ಉಮಾಸ್ವಾತಿಯ ನಿಲುವು. ಮುಂದೆ ಅಕಲಂಕನಂತಹ ತಾರ್ಕಿಕರು ಚಿಂತೆಯನ್ನು ತರ್ಕಕ್ಕೆ, ಅಂದರೆ ಇದಿದ್ದಲ್ಲಿ ಅದಿರುತ್ತದೆ ಎಂಬ ವ್ಯಾಪ್ತಿಯ ಅರಿವಿಗೆ ಮೀಸಲಿಟ್ಟರು. ಬೌದ್ಧರು ಪ್ರಜ್ಞೆಯನ್ನು ಶ್ರುತಮಯಿ, ಚಿಂತಾಮಯಿ, ಭಾವನಾಮಯಿ ಎಂದು ಮೂರು ಮೆಟ್ಟಿಲು ಮಾಡಿದರು. ಕೇಳಿದ್ದನ್ನು ಮತ್ತೆ ಮತ್ತೆ ಮನಸ್ಸಿಗೆ ತಂದುಕೊಂಡು ಪರಿಶೀಲಿಸಿ ಪಡೆದ ಅರಿವು ಚಿಂತಾಮಯಿ. ಈ ಎಲ್ಲ ಕಡೆಗೂ ಸಮಾನವಾದ ಒಂದು ಕ್ರಿಯೆಯಿದೆ: ಎದುರಿಗಿಲ್ಲದ್ದನ್ನು ಮನಸ್ಸಿನ ಎದುರಿಗೆ ಕರೆದು ನಿಲ್ಲಿಸಿಕೊಳ್ಳುವುದು. ನೆನಪು, ವಿಚಾರ, ಧ್ಯಾನ, ಕೊರಗು ನಾಲ್ಕಕ್ಕೂ ಆರಂಭ ಇದೇ.

ಕನ್ನಡಕ್ಕೆ ಈ ಪದ ಬರುವ ಹೊತ್ತಿಗೆ ನಮ್ಮಲ್ಲಿ ಆ ಕ್ರಿಯೆಗೆ ಮನೆಯ ಮಾತುಗಳು ಇಲ್ಲದಿರಲಿಲ್ಲ. 'ಬಗೆ' ಇತ್ತು, ಬಗೆದು ನೋಡುವುದು, ಬಗೆಗೊಳ್ಳುವುದು, ಬಗೆಹರಿಯುವುದು ಎಲ್ಲ ಅದರವೇ. 'ನೆನೆ' ಇತ್ತು, ನೆನಹು, ನೆನಪು, ನೆನವರಿಕೆ, ನೆನಕೆಗಳ ತಾಯಿ. ತಮಿಳಿನ 'ನಿನೈ' ಇಂದಿಗೂ ಎಣಿಸು ಎಂಬುದಕ್ಕೂ ನೆನೆ ಎಂಬುದಕ್ಕೂ ಸಲ್ಲುತ್ತದೆ. ಕನ್ನಡದ ನೆನೆ ಬರಬರುತ್ತ ಎಣಿಕೆಯ ಅರ್ಥವನ್ನು ಬಿಟ್ಟುಕೊಟ್ಟು ನೆನಪಿಗೇ ನೆಲೆನಿಂತಿತು. ಅಂದರೆ ದ್ರಾವಿಡದ ಒಂದು ಮಾತು ವಿಚಾರದಿಂದ ನೆನಪಿನ ಕಡೆಗೆ ಸರಿಯಿತು, ಸಂಸ್ಕೃತದ ಒಂದು ಮಾತು ನೆನಪಿನಿಂದ ವಿಚಾರದ ಕಡೆಗೆ ಸರಿಯಿತು, ಎರಡೂ ಕನ್ನಡದ ಅಂಗಳದಲ್ಲಿ ಹಾದುಹೋದವು. ಹಳಗನ್ನಡದ ಕಾವ್ಯಗಳಲ್ಲಿ ಪಾತ್ರವೊಂದು ತನ್ನೊಳಗೇ ಮಾತಾಡಿಕೊಂಡು ಮುಂದಿನ ಹೆಜ್ಜೆಯನ್ನು ಗೊತ್ತುಮಾಡಿಕೊಳ್ಳುವಾಗ 'ಚಿಂತಿಸು' ಎಂಬ ಕ್ರಿಯಾಪದ ಆಲೋಚಿಸು ಎಂಬ ಅರ್ಥದಲ್ಲಿಯೇ ಬರುತ್ತದೆ. ಸಂದರ್ಭ ಸಂಕಟದ್ದಾದರೆ ಸಂಕಟದ ನೆರಳು ಬೀಳುತ್ತದೆ, ಮಂತ್ರಾಲೋಚನೆಯದಾದರೆ ಇಲ್ಲ. ಪದಕ್ಕೆ ಇನ್ನೂ ಸ್ವಂತ ಬಣ್ಣವಿರಲಿಲ್ಲ.

ಬಣ್ಣ ಕೂಡುತ್ತಿರುವುದು ಹನ್ನೆರಡನೆಯ ಶತಮಾನದಲ್ಲಿ ಚೆನ್ನಾಗಿ ಕಾಣುತ್ತದೆ. ಅಂಬಿಗರ ಚೌಡಯ್ಯನ ಪ್ರಸಿದ್ಧ ವಚನವೊಂದು ನಮ್ಮಲ್ಲಿ ಹಲವರಿಗೆ ಬಾಯಿಪಾಠ. ಇಲ್ಲದವನಿಗೆ ಉಣ್ಣುವ ಚಿಂತೆ ಎಂದು ಮೊದಲಾಗಿ, ಉಣ್ಣಲು ಸಿಕ್ಕ ಮೇಲೆ ಉಡುವುದರದು, ಆಮೇಲೆ ಸಂಸಾರದ್ದು, ಮಕ್ಕಳದು, ಬಾಳಿನದು, ಕೇಡಿನದು, ಸಾವಿನದು ಎಂದು ಸರಪಳಿಯಾಗಿ ಬೆಳೆಯುತ್ತ ಹೋಗುವ ಆ ವಚನದಲ್ಲಿ ಪ್ರತಿಯೊಂದು ಕೊಂಡಿಯಲ್ಲೂ ಚಿಂತೆ ಎಂದರೆ ಕಳವಳವೇ. ಕೊನೆಗೆ ಬರುವುದು ಶಿವನ ಚಿಂತೆ. ಅಲ್ಲಿಗೆ ಬಂದಾಗ ಅದೇ ಪದ, ಆದರೆ ಅರ್ಥ ಹೊರಳುತ್ತದೆ: ಶಿವನ ಚಿಂತೆ ಎಂದರೆ ಶಿವನ ಸ್ಮರಣೆ, ಧ್ಯಾನ. ಚೌಡಯ್ಯನಿಗೆ ಇದು ಶ್ಲೇಷೆಯಾಗಿ ಹೊಳೆಯಿತೋ, ಅವನ ಕಾಲದ ಆಡುಮಾತಿನಲ್ಲಿ ಎರಡು ಅರ್ಥಗಳೂ ಅಷ್ಟು ಸಹಜವಾಗಿ ಕೂಡಿಕೊಂಡಿದ್ದವೋ, ಎರಡನೆಯದೇ ಹೆಚ್ಚು ಸಂಭವ. ಆದರೆ ಆ ವಚನದ ಬಲವಿರುವುದು ಆ ಹೊರಳಿನಲ್ಲಿಯೇ. ಮನುಷ್ಯನ ಮನಸ್ಸಿಗೆ ಇರುವುದು ಒಂದೇ ಚಿಂತೆಯ ಶಕ್ತಿ, ಅದು ಉಣಿಸು ಉಡುಗೆಗಳಿಗೆ ಖರ್ಚಾಗಿ ಹೋದರೆ ಸ್ಮರಣೆಗೆ ಉಳಿಯುವುದಿಲ್ಲ ಎಂಬುದು ಅದರ ಲೆಕ್ಕ. ಶಿವಚಿಂತೆ, ಆತ್ಮಚಿಂತೆ, ಪರಚಿಂತೆ, ಒಡಲ ಚಿಂತೆ ಎಂದು ನಮ್ಮ ಅನುಭಾವಿಗಳು ಕಟ್ಟಿದ ಸಮಾಸಗಳೆಲ್ಲ ಈ ಒಂದೇ ಶಕ್ತಿಯ ಹಂಚಿಕೆಯ ಮಾತುಗಳು.

ಷಷ್ಠೀ ವಿಭಕ್ತಿಯಲ್ಲಿಯೇ ಈ ಪಲ್ಲಟದ ಗುಟ್ಟಿದೆ ಎಂದು ನನ್ನ ಊಹೆ. 'ಮಗಳ ಚಿಂತೆ' ಎಂದಾಗ ಮಗಳನ್ನು ನೆನೆಯುವುದು ಎಂದೂ ಆಯಿತು, ಮಗಳಿಗಾಗಿ ಕಳವಳಿಸುವುದು ಎಂದೂ ಆಯಿತು; ದೂರದಲ್ಲಿರುವವರನ್ನು ಬಿಡದೆ ನೆನೆಯುವವರಿಗೆ ಎರಡೂ ಬೇರೆ ಬೇರೆ ಅನುಭವಗಳಲ್ಲ. ಅಜ್ಜಿಗೆ ಅರಿವೆ ಚಿಂತೆ, ಮಗಳಿಗೆ ಗಂಡನ ಚಿಂತೆ ಎಂಬ ಗಾದೆಯಲ್ಲಿ ಇನ್ನೂ ಆ ಇಬ್ಬಂದಿ ಉಳಿದಿದೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುವಾಗ ಉಳಿದಿಲ್ಲ. ಅಲ್ಲಿ ಅದು ಶುದ್ಧ ಕಳವಳ. ಆಡುಮಾತು ಈ ಕಳವಳಕ್ಕೆ ಎಷ್ಟೊಂದು ಕ್ರಿಯಾಪದಗಳನ್ನು ಕೊಟ್ಟಿದೆ ನೋಡಿ: ಚಿಂತೆ ಹತ್ತುತ್ತದೆ, ಕಾಡುತ್ತದೆ, ಕೊರೆಯುತ್ತದೆ, ತಿನ್ನುತ್ತದೆ, ನಾವು ಅದನ್ನು ಹಚ್ಚಿಕೊಳ್ಳುತ್ತೇವೆ, ಅದಕ್ಕೆ ಬೀಳುತ್ತೇವೆ, ಅದರಲ್ಲಿ ಮುಳುಗುತ್ತೇವೆ. ಬಡಗಣ ಕರ್ನಾಟಕದಲ್ಲಿ 'ಚಿಂತಿ ಹತ್ತೇತಿ', 'ಚಿಂತಿ ಮಾಡಬ್ಯಾಡ್ರಿ' ಎನ್ನುವಾಗ ಆ ಇಕಾರಾಂತ ಉಚ್ಚಾರಕ್ಕೆ ಒಂದು ಬೇರೆಯೇ ಆಪ್ತತೆಯಿದೆ. 'ಕೊರೆ', 'ತಿನ್ನು' ಎಂಬ ಎರಡು ಕ್ರಿಯಾಪದಗಳನ್ನು ನೆನಪಿನಲ್ಲಿಡೋಣ, ಮುಂದೆ ಅವು ಬೇಕಾಗುತ್ತವೆ. ಆಧುನಿಕ ಗದ್ಯ ಈ ಗೊಂದಲಕ್ಕೆ ತನ್ನದೇ ಪರಿಹಾರ ಕಂಡುಕೊಂಡಿದೆ: ಕೊರಗಿಗೆ ಚಿಂತೆ, ವಿಚಾರಕ್ಕೆ ಚಿಂತನೆ. ಚಿಂತಕ, ಚಿಂತನಶೀಲ, ಆತ್ಮಚಿಂತನ, ಬೆಳಗಿನ ಆಕಾಶವಾಣಿಯ 'ಚಿಂತನ' ಇವು ಒಂದು ಕಡೆ. ಚಿಂತಾಕ್ರಾಂತ, ಚಿಂತಾಜನಕ ಇನ್ನೊಂದು ಕಡೆ. ಒಂದು ಪ್ರತ್ಯಯದ ಬೇಲಿ ಹಾಕಿ ಗದ್ದೆಯನ್ನು ಪಾಲುಮಾಡಿದಂತೆ. 'ಶುಭಚಿಂತಕ' ಮಾತ್ರ ಬೇಲಿಯ ಮೇಲೆ ಕೂತಿದ್ದಾನೆ. ಅವನು ನಮ್ಮ ಒಳಿತನ್ನು ನೆನೆಯುವವನೂ ಹೌದು, ನಮಗಾಗಿ ಕಳವಳಿಸುವವನೂ ಹೌದು.

ಸೋದರ ಭಾಷೆಗಳಲ್ಲಿ ಈ ಪದದ ಬಾಳು ಬೇರೆ ಬೇರೆಯಾಗಿದೆ. ಮಲಯಾಳದ 'ಚಿಂದ' ಇಂದಿಗೂ ವಿಚಾರವೇ. ತಮಿಳಿನ ಸಿಂದನೈ, ಸಿಂದೈ ಕೂಡ ವಿಚಾರ, ಮನಸ್ಸು ಎಂಬಲ್ಲಿಯೇ ನಿಂತಿವೆ. ಬಂಗಾಳಿಯಲ್ಲಿ ಎರಡೂ ಅರ್ಥ ಜೀವಂತ. ಹಿಂದಿ ಮರಾಠಿಗಳು ನಮ್ಮಂತೆಯೇ ಕಳವಳಕ್ಕೆ ಒಲಿದವು. ಕಡಲು ದಾಟಿದ ಮೇಲೆ ಥಾಯ್ ಭಾಷೆಯಲ್ಲಿ ಚಿಂತನಾ ಎಂಬುದು ಕಲ್ಪನೆಯಾಯಿತು. ಮಲಯ, ಇಂಡೊನೇಷ್ಯಾಗಳಲ್ಲಿ ಚಿಂತಾ ಎಂದರೆ ಪ್ರೇಮ. ಎದುರಿಗಿಲ್ಲದವರನ್ನು ಸದಾ ಮನಸ್ಸಿನಲ್ಲಿಟ್ಟುಕೊಳ್ಳುವುದಕ್ಕೆ ಆ ದ್ವೀಪದ ಜನ ಕಂಡ ಹೆಸರು ಅದು, ನಾವು ಕಂಡದ್ದು ಬೇರೆ. ತೆಲುಗಿನಲ್ಲಿ ಚಿಂತ ಎಂದರೆ ಹುಣಸೆಯೂ ಹೌದು. ಅದು ದ್ರಾವಿಡದ ಬೇರೆಯದೇ ಮಾತು, ಧ್ವನಿಸಾಮ್ಯ ಆಕಸ್ಮಿಕ. ಗಡಿಸೀಮೆಯಲ್ಲಿ ಚಿಂತಲಪಲ್ಲಿ ಎಂಬ ಊರಿನ ಹೆಸರು ಕೇಳಿ ಅಲ್ಲಿನವರ ಪಾಡಿಗೆ ಮರುಗಬೇಕಾಗಿಲ್ಲ, ಅದು ಹುಣಸೆಹಳ್ಳಿ.

ಇಷ್ಟೆಲ್ಲ ಬಳಕೆಗಳ ನಡುವೆ ನನಗೆ ಅತ್ಯಂತ ಅಮೂಲ್ಯವಾಗಿ ತೋರುವುದು ಕಾಳಿದಾಸನದು. ಬಸವಪ್ಪ ಶಾಸ್ತ್ರಿಗಳ ಕನ್ನಡದಲ್ಲಿ ಮೈಸೂರಿನ ರಂಗದ ಮೇಲೂ ಮೆರೆದ ಶಾಕುಂತಲದ ನಾಲ್ಕನೆಯ ಅಂಕದಲ್ಲಿ ದುರ್ವಾಸರು ಶಪಿಸುವ ಆ ಶ್ಲೋಕ ಆರಂಭವಾಗುವುದೇ ಚಿಂತ್ ಧಾತುವಿನ ರೂಪವೊಂದರಿಂದ. ಶಕುಂತಲೆ ದುಷ್ಯಂತನ ಚಿಂತೆಯಲ್ಲಿದ್ದಾಳೆ, ಬೇರೆ ಯಾವುದರಲ್ಲೂ ಮನಸ್ಸಿಲ್ಲ, ಬಾಗಿಲಲ್ಲಿ ನಿಂತ ಋಷಿಯ ಧ್ವನಿ ಕಿವಿಗೆ ಬಿದ್ದರೂ ಅರಿವಿಗೆ ಇಳಿಯಲಿಲ್ಲ. ಅದಕ್ಕೆ ಸಿಕ್ಕ ಶಾಪ ವಿಸ್ಮೃತಿ: ನೀನು ಯಾರ ಚಿಂತೆಯಲ್ಲಿರುವೆಯೋ ಅವನು ನಿನ್ನನ್ನು ಸ್ಮರಿಸದಿರಲಿ. ಚಿಂತೆ ಶ್ಲೋಕದ ತಲೆಯಲ್ಲಿ, ಸ್ಮರಣೆಯ ನಾಶ ಅದರ ಉತ್ತರಾರ್ಧದಲ್ಲಿ. ಶಾಪದ ಕಥೆಯನ್ನು ಪಕ್ಕಕ್ಕಿಟ್ಟು ಮನಸ್ಸಿನ ವ್ಯಾಪಾರವನ್ನಷ್ಟೇ ನೋಡಿದರೂ ಮೊದಲ ಅರ್ಧ ಅಕ್ಷರಶಃ ನಿಜ. ಬೀಗ ಹಾಕಿದೆನೋ ಇಲ್ಲವೋ, ಮಾತ್ರೆ ನುಂಗಿದೆನೋ ಇಲ್ಲವೋ ಎಂದು ಪರದಾಡುವ ಚಿಂತಾಕ್ರಾಂತರಲ್ಲಿ ಬಹುಪಾಲು ಜನಕ್ಕೆ ಆಗಿರುವುದು ಮರೆವಲ್ಲ. ಆ ಕ್ಷಣ ಮನಸ್ಸಿಗೆ ಇಳಿಯಲೇ ಇಲ್ಲ. ಗಮನವೆಲ್ಲ ಬೇರೆಡೆ ಸೆಳೆಯಲ್ಪಟ್ಟಿದ್ದಾಗ ನೆನಪಿನ ಅಚ್ಚು ಬೀಳುವುದಿಲ್ಲ.

ಇನ್ನು ಹೊಸ ಪದದ ಕಡೆಗೆ ಬರೋಣ, ಏಕೆಂದರೆ ಇಂದಿನ ವೈದ್ಯರು ಚಿಂತೆ ಎನ್ನುವುದಿಲ್ಲ, ಒತ್ತಡ ಎನ್ನುತ್ತಾರೆ, ರೋಗಿಗಳು ಸ್ಟ್ರೆಸ್ ಎನ್ನುತ್ತಾರೆ. ಒತ್ತು ನಮ್ಮ ಅಚ್ಚ ದೇಸಿ ಧಾತು. ಒತ್ತಕ್ಷರ, ಒತ್ತುಶ್ಯಾವಿಗೆ, ಒತ್ತಾಯ, ಒತ್ತುವರಿ, ನೆಮ್ಮದಿಯ ಕಡೆ ಒತ್ತಾಸೆ. ತೆಲುಗರ ಒತ್ತಿಡಿ ಇದರದೇ ಒಡಹುಟ್ಟು. ಇಂಗ್ಲಿಷಿನ ಸ್ಟ್ರೆಸ್ ಬಿಗಿದು ಕಟ್ಟು ಎಂಬ ಅರ್ಥದ ಲ್ಯಾಟಿನ್ ಮೂಲದಿಂದ ಬಂದು, ಕಷ್ಟಕಾರ್ಪಣ್ಯ ಎಂಬರ್ಥದಲ್ಲಿ ಬಾಳಿ, ಲೋಹ, ತೊಲೆಗಳ ಮೇಲೆ ಬೀಳುವ ಬಲವನ್ನು ಅಳೆಯುವ ವಿಜ್ಞಾನದ ಪರಿಭಾಷೆಯಾಗಿ ಕೂತಿತ್ತು. ಅದನ್ನು ಜೀವಿಗಳ ಒಡಲಿಗೆ ತಂದವರಲ್ಲಿ ಪ್ರಮುಖ ಹಾನ್ಸ್ ಸೆಲ್ಯೆ, ವಿಯೆನ್ನಾದಲ್ಲಿ ಹುಟ್ಟಿ ಕೆನಡಾದ ಮಾಂಟ್ರಿಯಲ್‌ನಲ್ಲಿ ದುಡಿದ ವೈದ್ಯ. 1936ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅವನ ಪುಟ್ಟ ಬರಹದ ಶೀರ್ಷಿಕೆಯಲ್ಲಿ ಸ್ಟ್ರೆಸ್ ಎಂಬ ಪದವೇ ಇಲ್ಲ. ಚಳಿ, ಗಾಯ, ಅತಿಶ್ರಮ, ವಿಷ ಏನೇ ಆದರೂ ಇಲಿಯ ಒಡಲು ತೋರುವ ಪ್ರತಿಕ್ರಿಯೆ ಒಂದೇ ಬಗೆಯದು, ಮೊದಲು ಎಚ್ಚರಿಕೆ, ಆಮೇಲೆ ಪ್ರತಿರೋಧ, ಕೊನೆಗೆ ಬಳಲಿ ಕುಸಿತ ಎಂಬ ಅವನ ಸಿದ್ಧಾಂತ ಅಲ್ಲಿಂದ ಬೆಳೆಯಿತು. ಯಂತ್ರಶಾಸ್ತ್ರದಲ್ಲಿ ಸ್ಟ್ರೆಸ್ ಎಂದರೆ ವಸ್ತುವಿನೊಳಗೆ ಹರಡುವ ಬಲ, ಅದರಿಂದ ವಸ್ತುವಿಗಾಗುವ ವಿಕಾರಕ್ಕೆ ಸ್ಟ್ರೇನ್ ಎಂಬ ಬೇರೆ ಹೆಸರಿದೆ. ತನ್ನ ಇಂಗ್ಲಿಷ್ ಇನ್ನಷ್ಟು ಪಳಗಿದ್ದರೆ ಎರಡನೆಯ ಪದವನ್ನೇ ಆರಿಸುತ್ತಿದ್ದೆನೆಂದು ಸೆಲ್ಯೆ ಮುಂದೆ ಹೇಳಿಕೊಂಡ. ಅಷ್ಟರಲ್ಲಿ ಫ್ರೆಂಚರೂ ಜರ್ಮನರೂ ಇಟಲಿಯವರೂ ಆ ಪದವನ್ನು ಹಾಗೆಯೇ ಎತ್ತಿಕೊಂಡಾಗಿತ್ತು.

ಒತ್ತಡ ಹೊರಗಿನಿಂದ ಬೀಳುವ ಭಾರವನ್ನು ಹೇಳುತ್ತದೆ, ಚಿಂತೆ ಒಳಗೆ ನಡೆಯುವ ಕೆಲಸವನ್ನು ಹೇಳುತ್ತದೆ. ಮನುಷ್ಯರ ಮಟ್ಟಿಗೆ ಎರಡನೆಯ ಪದವೇ ಹೆಚ್ಚು ನಿಖರ ಎಂಬುದು ನನ್ನ ಅಭಿಮತ. ಆಫ್ರಿಕದ ಬಯಲಿನ ಬಬೂನ್‌ಗಳನ್ನು ವರ್ಷಾನುಗಟ್ಟಲೆ ಅಭ್ಯಸಿಸಿದ ರಾಬರ್ಟ್ ಸಪೋಲ್ಸ್ಕಿ 1994ರ ತನ್ನ ಪುಸ್ತಕದಲ್ಲಿ ವಿಸ್ತರಿಸಿದ ಮಾತು ಇದೇ: ಸಿಂಹ ಅಟ್ಟಿದಾಗ ಜೀಬ್ರಾದ ಒಡಲಲ್ಲಿ ಎಚ್ಚರಿಕೆಯ ರಸಗಳು ಉಕ್ಕುತ್ತವೆ, ತಪ್ಪಿಸಿಕೊಂಡ ಮೇಲೆ ಇಳಿಯುತ್ತವೆ, ಅದು ಮತ್ತೆ ಮೇಯತೊಡಗುತ್ತದೆ, ಮನುಷ್ಯನೊಬ್ಬನೇ ಕಣ್ಣೆದುರು ಏನೂ ಇಲ್ಲದೆ, ಬರೀ ಕಳೆದದ್ದನ್ನು ನೆನೆದು, ಬರಲಿರುವುದನ್ನು ಎಣಿಸಿ, ಅವೇ ರಸಗಳನ್ನು ತಿಂಗಳುಗಟ್ಟಲೆ ಹರಿಸಬಲ್ಲ. ಎದುರಿಗಿಲ್ಲದ್ದನ್ನು ಎದುರಿಗೆ ತಂದುಕೊಳ್ಳುವುದು ಎಂದೆವಲ್ಲ, ಅದೇ. ನೆನೆಯುವ ಶಕ್ತಿಯಿಲ್ಲದಿದ್ದರೆ ಚಿಂತೆಯೂ ಇಲ್ಲ. ಧಾತುಪಾಠ ಅದನ್ನು ಸ್ಮೃತಿಯ ಕೆಳಗೆ ಬರೆದದ್ದು ಎಷ್ಟು ಸರಿ.

ಆ ರಸಗಳ ದಾರಿ ಹೀಗಿದೆ. ಮಿದುಳಿನ ಬುಡದ ಹೈಪೊಥಲಾಮಸ್ ಪಿಟ್ಯುಟರಿ ಗ್ರಂಥಿಗೆ ಸುಳಿವು ಕೊಡುತ್ತದೆ, ಅದು ಮೂತ್ರಪಿಂಡಗಳ ನೆತ್ತಿಯ ಅಡ್ರಿನಲ್ ಗ್ರಂಥಿಗಳಿಗೆ ಹೇಳಿ ಕಳಿಸುತ್ತದೆ, ಅಲ್ಲಿಂದ ಕಾರ್ಟಿಸಾಲ್ ರಕ್ತಕ್ಕೆ ಇಳಿಯುತ್ತದೆ. ಈ ಕಾರ್ಟಿಸಾಲ್ ಕುಲದ ಹಾರ್ಮೋನು ಮಿದುಳಿನಲ್ಲಿ ಎಲ್ಲಿ ಹೋಗಿ ನೆಲೆಸುತ್ತದೆಂದು 1968ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಬ್ರೂಸ್ ಮೆಕ್‌ಯೂವನ್ ಮತ್ತು ಸಂಗಡಿಗರು ಇಲಿಗಳಲ್ಲಿ ಹುಡುಕಿದಾಗ ಅದು ಹೆಚ್ಚಾಗಿ ಸಿಕ್ಕಿದ್ದು ಹಿಪೊಕ್ಯಾಂಪಸ್‌ನಲ್ಲಿ. ಹದಿನಾರನೆಯ ಶತಮಾನದಲ್ಲಿ ಇಟಲಿಯ ಅಂಗರಚನಾ ಶಾಸ್ತ್ರಜ್ಞ ಅರಾಂಜಿ ಅದರ ಬಾಗಿದ ಆಕಾರವನ್ನು ಕಂಡು ಕಡಲ್ಗುದುರೆಯ ಹೆಸರಿಟ್ಟ. ಹೊಸ ನೆನಪು ನೆಲೆಯೂರಬೇಕಾದರೆ ಅದನ್ನು ಹಾಯ್ದೇ ಹೋಗಬೇಕು. 1953ರಲ್ಲಿ ಅಪಸ್ಮಾರದ ಚಿಕಿತ್ಸೆಗೆಂದು ಆ ಭಾಗವನ್ನು ಎರಡೂ ಬದಿಯಲ್ಲಿ ತೆಗೆಸಿಕೊಂಡ ಹೆನ್ರಿ ಮೊಲೈಸನ್‌ನನ್ನು ಬ್ರೆಂಡಾ ಮಿಲ್ನರ್ ಪರೀಕ್ಷಿಸಿದ ಮೇಲೆ ಅದು ಜಗತ್ತಿಗೆಲ್ಲ ತಿಳಿಯಿತು. (ಅಪಸ್ಮಾರ ಎಂಬ ನಮ್ಮ ಪದವೂ ಸ್ಮೃತಿಯದೇ, ಸ್ಮರಣೆ ಜಾರಿಹೋಗುವ ಬೇನೆ ಎಂದು.) ನೆನಪಿನ ಮನೆಗೇ ಕಳವಳದ ರಸ ಹೋಗಿ ಸೇರುತ್ತದೆ ಎಂಬ ಆ ಸಂಶೋಧನೆಯನ್ನು ಮೊದಲು ಓದಿದಾಗ ಚಿಂತೆಯ ನಿರುಕ್ತಿಯನ್ನೇ ಇನ್ನೊಂದು ಭಾಷೆಯಲ್ಲಿ ಓದಿದಂತೆ ನನಗನಿಸಿತು.

ರಸ ಬರುವುದು ಕೇಡಿಗೆಂದೇ ಅಲ್ಲ. ಒಂದಿಷ್ಟು ಎಚ್ಚರ ನೆನಪನ್ನು ಹರಿತ ಮಾಡುತ್ತದೆ. ಭಯಪಟ್ಟ ದಿನದ ಸಂಗತಿಗಳು ಎಷ್ಟೋ ವರ್ಷ ಅಚ್ಚೊತ್ತಿದಂತೆ ಉಳಿಯುವುದು ಅದರಿಂದಲೇ. ಹಿಪೊಕ್ಯಾಂಪಸ್ ತಾನೇ ಹೈಪೊಥಲಾಮಸ್‌ಗೆ 'ಸಾಕು' ಎಂದು ಹೇಳಿ ಪ್ರವಾಹವನ್ನು ತಡೆಯುತ್ತದೆ ಕೂಡ. ಆದರೆ ತಿಂಗಳುಗಟ್ಟಲೆ ಅದೇ ಪ್ರವಾಹವಾದರೆ ಅಲ್ಲಿನ ನರಕೋಶಗಳ ಟಿಸಿಲುಗಳು ಕುಗ್ಗುತ್ತವೆ, ಹೊಸ ಕೋಶಗಳ ಹುಟ್ಟು ತಗ್ಗುತ್ತದೆ, ತಡೆಯುವ ಶಕ್ತಿಯೂ ಸೊರಗುತ್ತದೆ, ಸೊರಗಿದ್ದರಿಂದ ಪ್ರವಾಹ ಇನ್ನಷ್ಟು. ಕೊರೆಯುತ್ತದೆ, ತಿನ್ನುತ್ತದೆ ಎಂದು ನಮ್ಮ ಆಡುಮಾತು ಆರಿಸಿದ ಕ್ರಿಯಾಪದಗಳು ಇಲ್ಲಿ ಅಲಂಕಾರವಾಗಿ ಉಳಿಯುವುದಿಲ್ಲ.

ಈ ಕಥೆಯ ಒಂದು ಮುಖ್ಯ ಅಧ್ಯಾಯ ಬೆಂಗಳೂರಿನಲ್ಲೇ ಬರೆದದ್ದು. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟ್ಟರ್ಜಿಯವರ ತಂಡ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗದಂತೆ ಕಟ್ಟಿಡಲಾಗಿತ್ತು. ಹಿಪೊಕ್ಯಾಂಪಸ್‌ನ ಕೋಶಗಳ ಟಿಸಿಲು ನಿರೀಕ್ಷೆಯಂತೆ ಕುಗ್ಗಿತ್ತು. ಆದರೆ ಭಯ, ಆತಂಕಗಳನ್ನು ನೋಡಿಕೊಳ್ಳುವ, ಬಾದಾಮಿಯಾಕಾರದ ಅಮಿಗ್ಡಲದಲ್ಲಿ ಟಿಸಿಲುಗಳು ಬೆಳೆದು ಹಬ್ಬಿದ್ದವು. ಒಂದೇ ಒತ್ತಡ, ನೆನಪಿನ ಮನೆ ಬಡವಾಯಿತು, ಅಂಜಿಕೆಯ ಮನೆ ಸಿರಿವಂತವಾಯಿತು. 2004ರ ಅವರ ಮುಂದಿನ ಬರಹ ಇನ್ನೂ ಮನಕಲಕುವಂಥದು: 21 ದಿನ ಇಲಿಗಳನ್ನು ನೆಮ್ಮದಿಯಾಗಿ ಬಿಟ್ಟ ಮೇಲೆಯೂ ಅಮಿಗ್ಡಲದ ಬೆಳವಣಿಗೆ ಇಳಿಯಲಿಲ್ಲ, ಆತಂಕವೂ ಇಳಿಯಲಿಲ್ಲ. ಚಿಂತೆಗೆ ಕಾರಣ ಹೋದರೂ ಚಿಂತೆ ಹೋಗದು ಎಂದು ಸಂಸಾರಿಗಳು ಹೇಳುತ್ತ ಬಂದ ಅನುಭವಕ್ಕೆ ಹೊಂದುವ ಚಿತ್ರ ಅದು. ಚಿಂತೆ ಎಂಬ ಪದದ ಎರಡು ಅರ್ಥಗಳ ನಡುವಿನ ಜಗ್ಗಾಟವನ್ನು, ಸ್ಮೃತಿ ತೆಳುವಾಗಿ ಕಳವಳ ದಟ್ಟವಾದ ಆ ಸಾವಿರ ವರ್ಷಗಳ ಪಲ್ಲಟವನ್ನು, ಹತ್ತು ದಿನಗಳ ಪ್ರಯೋಗವೊಂದು ಕೋಶಗಳಲ್ಲಿ ತೋರಿಸಿತು.

ಇಲಿಯಿಂದ ಮನುಷ್ಯನಿಗೆ ಜಿಗಿಯುವಾಗ ಎಚ್ಚರ ಬೇಕು. ಸೆಲ್ಯೆಯ ಊರಾದ ಮಾಂಟ್ರಿಯಲ್‌ನಲ್ಲಿಯೇ ಸೋನಿಯಾ ಲೂಪಿಯೆನ್ 1998ರಲ್ಲಿ, ವರ್ಷದಿಂದ ವರ್ಷಕ್ಕೆ ಕಾರ್ಟಿಸಾಲ್ ಏರುತ್ತ ಹೋದ ಹಿರಿಯರ ಹಿಪೊಕ್ಯಾಂಪಸ್ ಇತರರದಕ್ಕಿಂತ ಸುಮಾರು ಶೇ. 14ರಷ್ಟು ಕಿರಿದಾಗಿರುವುದನ್ನೂ ಅವರ ನೆನಪು ಸೊರಗಿರುವುದನ್ನೂ ತೋರಿಸಿದಳು. ಆದರೆ 2002ರಲ್ಲಿ ಅಮೆರಿಕದ ಅವಳಿ ಸೋದರರ ಅಧ್ಯಯನವೊಂದು ಬೇರೆ ಪ್ರಶ್ನೆ ಎತ್ತಿತು: ವಿಯೆಟ್ನಾಂ ಯುದ್ಧದಿಂದ ಮನೋಘಾತಕ್ಕೊಳಗಾಗಿ ಬಂದವರ ಹಿಪೊಕ್ಯಾಂಪಸ್ ಕಿರಿದಾಗಿತ್ತು, ಯುದ್ಧಕ್ಕೇ ಹೋಗದ ಅವರ ಅವಳಿಗಳದೂ ಕಿರಿದಾಗಿತ್ತು. ಅಂದರೆ ಕೆಲವರಲ್ಲಿ ಕಿರಿದಾಗಿರುವುದು ಪರಿಣಾಮವಾಗಿರದೆ ಮೊದಲೇ ಇದ್ದ ದೌರ್ಬಲ್ಯವಾಗಿರಬಹುದು. ಎರಡೂ ನಿಜವಾಗಿರಲು ಅಡ್ಡಿಯಿಲ್ಲ.

ಮರೆವಿನ ವಿಷಯದಲ್ಲಿಯೂ ನಮ್ಮ ಭಾಷೆಯ ಮಾತೊಂದನ್ನು ಕೇಳಬೇಕು. ಹಳಗನ್ನಡದ ಮಱೆ ಎಂದರೆ ಮರೆಯುವುದೂ ಹೌದು, ಮರೆಮಾಡುವುದೂ ಹೌದು. ತಮಿಳಿನಲ್ಲಿ ಮಱ, ಮಱೈ ಎಂದು ಇವು ಎರಡಾಗಿವೆ, ಕನ್ನಡದಲ್ಲಿ ಒಂದಾಗಿ ಕೂಡಿವೆ, ಱ ಎಂಬ ಶಕಟರೇಫ ಹೋದ ಮೇಲೂ ಕೂಡಿಯೇ ಇವೆ. ಹಾಗಾಗಿ ಕನ್ನಡಿಗನಿಗೆ ಮರೆತದ್ದು ಅಳಿದದ್ದಲ್ಲ, ಮರೆಯಲ್ಲಿರುವುದು. 2000ದಲ್ಲಿ ಜ್ಯೂರಿಕ್‌ನ ಸಂಶೋಧಕರು ಕೆಲವರಿಗೆ ಪದಗಳ ಪಟ್ಟಿಯೊಂದನ್ನು ಕಲಿಸಿ, ಮರುದಿನ ಒಪ್ಪಿಸುವುದಕ್ಕೆ ಒಂದು ಗಂಟೆ ಮೊದಲು ಕಾರ್ಟಿಸೋನ್ ಮಾತ್ರೆ ಕೊಟ್ಟರು, ಒಪ್ಪಿಸುವುದು ಕುಂಠಿತವಾಯಿತು. ಕಲಿಯುವ ಮೊದಲು ಕೊಟ್ಟಾಗ ಹಾಗಾಗಲಿಲ್ಲ. ನೆನಪು ಒಳಗಿದೆ, ಅದನ್ನು ಹೊರತರುವ ದಾರಿಗೆ ಮರೆ ಬಿದ್ದಿದೆ. ಪರಶುರಾಮನಿಂದ ಕರ್ಣನಿಗೆ ಬಂದ ಶಾಪವೂ ಇದೇ ಬಗೆಯದು: ಕಲಿತ ಅಸ್ತ್ರ ಅಳಿಯಲಿಲ್ಲ, ಕಷ್ಟದ ಗಳಿಗೆಯಲ್ಲಿ ಹೊಳೆಯದೆ ಹೋಗಲಿ ಎಂದಷ್ಟೇ. ಎಸ್ಸೆಸ್ಸೆಲ್ಸಿಯ ಪರೀಕ್ಷಾ ಕೊಠಡಿಯಲ್ಲಿ ಬಾರದ ಉತ್ತರ ಗಂಟೆ ಬಾರಿಸಿ ಹೊರಬಂದ ಕೂಡಲೇ ನಾಲಗೆಗೆ ಬರುವುದನ್ನು ಬಲ್ಲ ಮಕ್ಕಳಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಆದರೆ ಅಂಥ ಮಗುವನ್ನು ಮರೆಗುಳಿ ಎಂದು ಜರೆಯುವ ಹಿರಿಯರಿಗೆ ಅಗತ್ಯವಾಗಿ ವಿವರಿಸಬೇಕು.

ಮರಳುವ ದಾರಿಯೂ ಇದೆ. 2009ರಲ್ಲಿ ನ್ಯೂಯಾರ್ಕಿನ ವೈದ್ಯ ವಿದ್ಯಾರ್ಥಿಗಳನ್ನು ದೊಡ್ಡ ಪರೀಕ್ಷೆಯ ಮುಂಚಿನ ಒತ್ತಡದ ವಾರಗಳಲ್ಲಿ ನೋಡಿದಾಗ ಗಮನವನ್ನು ಒಂದರಿಂದ ಇನ್ನೊಂದಕ್ಕೆ ಹೊರಳಿಸುವ ಶಕ್ತಿ ತಗ್ಗಿತ್ತು, ಮಿದುಳಿನ ಮುಂಭಾಗದ ಕೊಂಡಿಗಳು ಸಡಿಲಿದ್ದವು. ಪರೀಕ್ಷೆ ಮುಗಿದು ಒಂದು ತಿಂಗಳಾದ ಮೇಲೆ ಎರಡೂ ಸರಿಹೋಗಿದ್ದವು. ಅದೇ ವರ್ಷ ನಮ್ಮ ನಿಮ್ಹಾನ್ಸ್‌ನ ನರಶರೀರಕ್ರಿಯಾ ವಿಭಾಗದವರು, ಒತ್ತಡಕ್ಕೊಳಗಾದ ಇಲಿಗಳನ್ನು ಸಂಗಡಿಗರು, ಆಟಿಕೆಗಳು, ಏರಿ ಇಳಿಯಲು ಜಾಗವಿರುವ ಸಮೃದ್ಧ ಗೂಡಿನಲ್ಲಿಟ್ಟಾಗ ಹಿಪೊಕ್ಯಾಂಪಸ್‌ನಲ್ಲಿ ಹೊಸ ಕೋಶಗಳ ಹುಟ್ಟು ಚೇತರಿಸಿಕೊಂಡದ್ದನ್ನೂ ಕಲಿಕೆ ಸುಧಾರಿಸಿದ್ದನ್ನೂ ವರದಿ ಮಾಡಿದರು. ಚರಕ ಮನಸ್ಸಿಗೆ ವಿಷಯವಾಗುವವುಗಳಲ್ಲಿ ಮೊದಲು ಹೆಸರಿಸಿದ್ದು ಚಿಂತ್ಯವನ್ನು; ರಸವಹ ಸ್ರೋತಸ್ಸುಗಳು ಕೆಡುವ ಕಾರಣಗಳಲ್ಲಿ ಅತಿಚಿಂತನೆಯನ್ನೂ ಎಣಿಸಿದ. ಅಲ್ಲಿನ 'ಅತಿ' ಎಂಬ ಉಪಸರ್ಗ ಮುಖ್ಯ. ಚಿಂತೆಯೇ ಬೇಡವೆಂದು ಯಾರೂ ಹೇಳಿಲ್ಲ. ನಮ್ಮ 'ನಿಶ್ಚಿಂತೆ'ಯೂ ಮನಸ್ಸಿನ ಬರಿದುತನವನ್ನು ಹೇಳುವ ಮಾತಲ್ಲ. ನಿಶ್ಚಿಂತೆಯಾಗಿ ಓದಿದೆ, ನಿಶ್ಚಿಂತೆಯಿಂದ ಕೆಲಸ ಮುಗಿಸಿದೆ ಎನ್ನುತ್ತೇವೆ, ಅಂದರೆ ಚಿಂತನೆಗೆ ಎಡೆ ಸಿಕ್ಕಿದಾಗಲೇ ಆ ಪದ ಬಾಯಿಗೆ ಬರುತ್ತದೆ.

ಇಷ್ಟು ಬರೆದ ಮೇಲೂ ಚಿಂತೆಯ ಆಡುನುಡಿಯ ಬಾಳು ನಿಘಂಟುಗಳಲ್ಲಿ ಪೂರ್ತಿ ಸಿಕ್ಕಿಲ್ಲ ಎಂಬ ಅರಿವು ನನಗಿದೆ. ನಿಮ್ಮ ಸೀಮೆಯಲ್ಲಿ 'ಚಿಂತಿಲ್ಲ' ಎಂಬುದನ್ನು 'ಅಡ್ಡಿಯಿಲ್ಲ, ಆಗಲಿ' ಎಂಬ ಸಮ್ಮತಿಗೆ ಬಳಸುತ್ತಾರೆಯೇ, ಊರಿಗೆ ಹೋದ ಮಗನನ್ನು ನೆನೆಯುವುದಕ್ಕೆ ನೇರವಾಗಿ 'ಅವನ ಚಿಂತೆ ಆಗ್ತದೆ' ಎನ್ನುವ ರೂಢಿ ಇನ್ನೂ ಇದೆಯೇ, ಚಿಂತೆಗೆ ನಾನು ಕೇಳದ ಬೇರೆ ಕ್ರಿಯಾಪದಗಳಿವೆಯೇ ಎಂದು ಮನೆಯ ಹಿರಿಯರನ್ನು ಕೇಳಿ, ಊರಿನ ಹೆಸರಿನ ಜೊತೆಗೆ ಬರೆದಿಟ್ಟುಕೊಳ್ಳಿ. ಕೇಳುವಾಗ ಅವರಿಗೆ ಇತ್ತೀಚೆಗೆ ಮರೆವು ಹೆಚ್ಚಿದೆಯೆಂದು ತೋರಿದರೆ ವಯಸ್ಸಿನ ಮೇಲೆ ಹಾಕಿ ಸುಮ್ಮನಾಗದೆ, ಯಾವುದರ ಚಿಂತೆ ಹತ್ತಿದೆ ಎಂದೂ ವಿಚಾರಿಸಿ, ವೈದ್ಯರ ಬಳಿಗೂ ಕರೆದೊಯ್ಯಿರಿ.